ಅರ್ಧ ವರ್ಷದ ಆಳಿಗೆ ಪೂರ್ತಿ ವರ್ಷದ ಲೆಕ್ಕ

ದಿನಸಿ ಅಂಗಡಿಯವರಿಗೆ ಸಕ್ಕರೆ ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ, ಇದು ಎಸ್-30, ಇದು ಎಂ-30 ಅಂತ. ಎಸ್ ಅಂದರೆ ಸಣ್ಣ ಹರಳು, ಎಂ ಅಂದರೆ ಮಧ್ಯಮ. ಆದರೆ ಆ ಹರಳನ್ನು ಆ ಗಾತ್ರಕ್ಕೆ ತಂದು ನಿಲ್ಲಿಸಿದ ಕೈ ಯಾರದು? ಸಕ್ಕರೆ ಕಾರ್ಖಾನೆಗಳಲ್ಲಿ ಸೀಸನ್ನಿಗೆ ಹೋಗಿ ಸೀಸನ್ನಿಗೆ ಬಂದವರದು. ಅವರಲ್ಲಿ ಎಷ್ಟೋ ಜನ ಈಗ ತಲೆ ನರೆತು, ನಮ್ಮ ನಿಮ್ಮ ಜೊತೆಗೇ ಬಸ್ಸಿನ ಕಂಬಿ ಹಿಡಿದು ನಿಂತಿರುತ್ತಾರೆ.

ನಮ್ಮ ಜಿಲ್ಲೆಯವರಿಗೆ ಸಕ್ಕರೆ ಕಾರ್ಖಾನೆ ಅಂದರೆ ಮೊದಲು ನೆನಪಾಗುವುದು ಕೊಳ್ಳೇಗಾಲ ತಾಲ್ಲೂಕಿನ ಕುಂತೂರು. ಮಹದೇಶ್ವರನ ಹೆಸರಿಟ್ಟುಕೊಂಡು ಸಹಕಾರಿ ಕಾರ್ಖಾನೆಯಾಗಿ ಹುಟ್ಟಿದ್ದು ಅದು. ಆಮೇಲೆ ಬಣ್ಣಾರಿ ಅಮ್ಮನ್ ಸಂಸ್ಥೆಯ ಕೈಗೆ ಹೋಯಿತು. ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆ ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿದೆ. ಗುಂಡ್ಲುಪೇಟೆ ಕಡೆಯವರು ಬೇಗೂರು ದಾಟಿ ಹೋಗಬೇಕು. ಇವೆಲ್ಲಕ್ಕೂ ಹಿರಿಯಣ್ಣ ಮಂಡ್ಯದ ಮೈಷುಗರ್. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಗದ್ದೆಗೆ ಹರಿದ ಮೇಲೆ, 1933ರಲ್ಲಿ ಆ ಕಂಪೆನಿ ಶುರುವಾಯಿತು. ಅದರ ಹಿಂದೆ ನಿಂತವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನಡೆಸುತ್ತಿದ್ದ ಕೆನಡಾದ ಡಾ. ಲೆಸ್ಲಿ ಕೋಲ್ಮನ್. ಆ ಕಾರ್ಖಾನೆಯೂ ಕೆಲವು ವರ್ಷ ಬಾಗಿಲು ಹಾಕಿ, 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುಮಾಡಿತು.

ಸೈರನ್ ಕೂಗಿತು ಅಂದರೆ

ಸೀಸನ್ ದಿನಗಳ ಮಾತೆತ್ತಿದರೆ ಹಳಬರು ಮೊದಲು ಹೇಳುವುದು ಸೈರನ್ನು. ಗಡಿಯಾರ ಇಲ್ಲದ ಮನೆಗೆ ಅದೇ ಗಡಿಯಾರ. ಬಾಯ್ಲರ್‌ಗೆ ಬೆಂಕಿ ಬಿದ್ದ ದಿನದಿಂದ ಆರುವ ದಿನದ ತನಕ ಮೂರು ಪಾಳಿ. ಹಬ್ಬ ಇರಲಿ, ಜಾತ್ರೆ ಇರಲಿ, ಮಿಲ್ಲು ನಿಲ್ಲಬಾರದು.

ಯಾಕೆ ನಿಲ್ಲಬಾರದು? ಕಡಿದ ಕಬ್ಬು ಕಾಯುವುದಿಲ್ಲ ಸ್ವಾಮಿ. ಹೊತ್ತು ಹೋದ ಹಾಗೆಲ್ಲ ಅದರ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಒಳಗೆ ಹಿಂಡಿಟ್ಟ ಹಾಲು ತಡವಾದರೆ ಹುಳಿಯಾಗುತ್ತದೆ. ಹೊರಗೆ ಗೇಟಿನಲ್ಲಿ ಎತ್ತಿನ ಗಾಡಿಗಳ ಸಾಲು. ಗಾಡಿ ಕೆಳಗೇ ಗೋಣಿ ಹಾಸಿಕೊಂಡು ಮಲಗಿದ ರೈತರು. ಮಿಲ್ಲು ಅರ್ಧ ದಿನ ಕೆಟ್ಟು ನಿಂತರೆ ಗೇಟಿನ ಆಚೆಯ ಬೈಗುಳ ಕೇಳಬೇಕಾದವನು ಮ್ಯಾನೇಜರ್ ಅಲ್ಲ, ತೂಕದ ಮನೆಯ ಗುಮಾಸ್ತ!

ನೂರು ಟನ್ ಕಬ್ಬು ಅರೆದರೆ ಸಕ್ಕರೆ ಬರುವುದು ಹತ್ತು ಟನ್ನಿನ ಆಸುಪಾಸು. ಉಳಿದದ್ದೆಲ್ಲ ನೀರು, ಸಿಪ್ಪೆ, ಮಡ್ಡಿ, ಕಾಕಂಬಿ. ಆ ಸಿಪ್ಪೆಯೇ ಬಾಯ್ಲರ್‌ಗೆ ಸೌದೆ. ಹಾಲನ್ನು ಕಾಯಿಸಿ, ಸುಣ್ಣ ಬೆರೆಸಿ, ಗಂಧಕದ ಹೊಗೆ ಹಾಯಿಸುತ್ತಾರೆ. ಕೊಳೆ ತಳಕ್ಕೆ ಕೂರುತ್ತದೆ. ಆ ಹೊಗೆ ಸೋರಿದರೆ ಗಂಟಲು ಕಟ್ಟಿ ಕೆಮ್ಮು ಹತ್ತುತ್ತಿತ್ತು. ಕಾಕಂಬಿ ವಾಸನೆಯಂತೂ ಬಟ್ಟೆಗೆ ಹತ್ತಿದರೆ ಒಗೆದರೂ ಬಿಡುತ್ತಿರಲಿಲ್ಲ.

ಪ್ಯಾನಿನ ಮುಂದೆ ನಿಂತವನು

ಆಲೆಮನೆ ಕಂಡವರಿಗೆ ಪಾಕ ನೋಡುವವನ ಬೆಲೆ ಗೊತ್ತು. ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ‘ಇಳಿಸ್ರೋ’ ಅಂದರೆ ಕೊಪ್ಪರಿಗೆ ಇಳಿಯಬೇಕು. ಕಾರ್ಖಾನೆಯಲ್ಲಿ ಆ ಜಾಗದಲ್ಲಿ ನಿಲ್ಲುವವನೇ ಪ್ಯಾನ್‌ಮನ್. ಮುಚ್ಚಿದ ದೊಡ್ಡ ಪಾತ್ರೆಯಲ್ಲಿ ಗಾಳಿ ಹೀರಿ ತೆಗೆದು ಕಡಿಮೆ ಕಾವಿನಲ್ಲೇ ಪಾಕ ಕುದಿಸುತ್ತಾರೆ. ಅವನು ಸಲಾಕೆಯಲ್ಲಿ ಚೂರು ಪಾಕ ತೆಗೆದು, ಗಾಜಿನ ಚೂರಿನ ಮೇಲೆ ಸವರಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಹರಳು ಎಷ್ಟು ಬೆಳೆದಿದೆ, ಪಕ್ಕದಲ್ಲಿ ಬೇಡದ ನುಚ್ಚು ಹರಳು ಹುಟ್ಟಿದೆಯೇ, ಎಲ್ಲ ಕಣ್ಣಲ್ಲೇ. ಆತುರಪಟ್ಟರೆ ನುಚ್ಚು ಹುಟ್ಟುತ್ತದೆ, ಆ ನುಚ್ಚು ತಿರುಗುವ ಯಂತ್ರದ ಜಾಲರಿಯಲ್ಲಿ ನುಸುಳಿ ಕಾಕಂಬಿಯ ಜೊತೆ ಹೋಗುತ್ತದೆ. ಹೋದದ್ದು ಕಾರ್ಖಾನೆಯ ದುಡ್ಡು.

ಈ ಕಣ್ಣು ಕಾಲೇಜಿನಲ್ಲಿ ಬರುವುದಲ್ಲ. ವರ್ಷವರ್ಷವೂ ಪ್ಯಾನಿನ ಪಕ್ಕ ಬೆವರು ಸುರಿಸಿ ಕಲಿತದ್ದು. ಅತ್ತ ಗೋದಾಮಿನ ಕಡೆ ಕ್ವಿಂಟಾಲ್ ಚೀಲ ಬೆನ್ನಿಗೆ ಹಾಕಿಕೊಂಡು ಅಟ್ಟಿ ಹತ್ತಿದವರ ಪಾಡು ಬೇರೆ. ರೇಷನ್ ಅಂಗಡಿಗೆ ಹೋಗುವ ಲೆವಿ ಸಕ್ಕರೆಗೆ ಬೇರೆ ಲೆಕ್ಕ, ಪೇಟೆಗೆ ಹೋಗುವುದಕ್ಕೆ ಬೇರೆ ಲೆಕ್ಕ. ಆ ಲೆವಿ ಪದ್ಧತಿಯನ್ನು ಕೇಂದ್ರ ಸರ್ಕಾರ 2013ರಲ್ಲಿ ಕೈಬಿಟ್ಟಿತು. ಆ ಬೆನ್ನುಗಳ ನೋವು ಮಾತ್ರ ಕೈಬಿಟ್ಟಿಲ್ಲ.

ಬೆಂಕಿ ಆರಿದ ಮೇಲೆ

ಕಬ್ಬು ಮುಗಿಯಿತು, ಬೆಂಕಿ ಆರಿತು. ಖಾಯಂ ನೌಕರರು ಯಂತ್ರ ಬಿಚ್ಚಿ ರಿಪೇರಿಗೆ ಕೂರುತ್ತಾರೆ. ಸೀಸನ್ ಆಳು ಟವಲು ಕೊಡವಿಕೊಂಡು ಊರಿಗೆ ಬರುತ್ತಾನೆ. ಸಕ್ಕರೆ ಕಾರ್ಖಾನೆಗಳಿಗೆಂದೇ ಕೇಂದ್ರ ಸರ್ಕಾರ 1957ರಲ್ಲಿ ವೇತನ ಮಂಡಳಿ ನೇಮಿಸಿತ್ತು. ಸೀಸನ್ ಇಲ್ಲದ ತಿಂಗಳಲ್ಲೂ ಆಳನ್ನು ಉಳಿಸಿಕೊಳ್ಳಲು ರಿಟೇನಿಂಗ್ ಭತ್ಯೆ ಅಂತ ಒಂದಿಷ್ಟು ಕೊಡುವ ಪದ್ಧತಿಯೂ ಈ ಉದ್ಯಮದಲ್ಲಿದೆ. ಅದು ಸಿಗದವನು ಗುದ್ದಲಿ ಹಿಡಿಯುತ್ತಾನೆ, ಇಲ್ಲವೇ ಕೊಡಗಿಗೋ ವಯನಾಡಿಗೋ ಬಸ್ಸು ಹತ್ತುತ್ತಾನೆ. ಮುಂದಿನ ಸೀಸನ್ನಿಗೆ ಕರೆ ಬಂದರೆ ಬಂತು.

ಹೀಗೆ ಹನ್ನೆರಡು ಸೀಸನ್ ದುಡಿದವನೊಬ್ಬ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ: ಸೀಸನ್ನಿಗೆ ಐದು ತಿಂಗಳು, ಹನ್ನೆರಡೈದ್ಲಿ ಅರವತ್ತು ತಿಂಗಳು, ಅಂದರೆ ಐದೇ ವರ್ಷ. ಪಿ.ಎಫ್. ಪಿಂಚಣಿಗೆ ಹತ್ತು ವರ್ಷ ಆಗಬೇಕಂತೆ. ನಮಗೆಲ್ಲಿ ಬರುತ್ತೆ ಬಿಡಪ್ಪ! ಅಲ್ಲಿಗೆ ಮುಗಿಯಿತು.

ಈ ಲೆಕ್ಕವೇ ತಪ್ಪು. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ 9ನೇ ಪ್ಯಾರಾ ಬೇರೆಯೇ ಮಾತು ಹೇಳುತ್ತದೆ. ಸೀಸನ್ ಕೆಲಸಗಾರ ಒಂದು ವರ್ಷದಲ್ಲಿ ಮಾಡಿದ ಕೆಲಸ ವರ್ಷಕ್ಕಿಂತ ಕಡಿಮೆ ಇದ್ದರೂ ಅದನ್ನು ಪೂರ್ತಿ ವರ್ಷ ಅಂತಲೇ ಹಿಡಿಯಬೇಕು. ಅಂದರೆ ಮೇಲಿನವನದು ಐದು ವರ್ಷವಲ್ಲ, ಹನ್ನೆರಡು ವರ್ಷ! 58 ತುಂಬಿದ ಮೇಲೆ ತಿಂಗಳ ಪಿಂಚಣಿಗೆ ಅವನು ಅರ್ಹ. ಈ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರಿನಿಂದ 1000 ರೂಪಾಯಿ ಎಂದು ಗೊತ್ತುಮಾಡಲಾಯಿತು. ದೊಡ್ಡ ದುಡ್ಡಲ್ಲ, ನಿಜ. ಆದರೆ ಮಾತ್ರೆಗೆ ಮಗನ ಮುಂದೆ ಕೈ ಚಾಚುವ ಮುದುಕನಿಗೆ ಕೇಳಿ ನೋಡಿ, ಸಾವಿರಕ್ಕೆ ಬೆಲೆ ಎಷ್ಟು ಅಂತ. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೂ ಪಾಲುಂಟು.

ಗ್ರಾಚುಯಿಟಿಯೂ ಹೀಗೇ. ವರ್ಷಪೂರ್ತಿ ಕೆಲಸಗಾರನಿಗೆ ವರ್ಷಕ್ಕೆ 15 ದಿನದ ಸಂಬಳವಾದರೆ, ಸೀಸನ್ನಿನವನಿಗೆ ಸೀಸನ್ನಿಗೆ 7 ದಿನದ ಸಂಬಳ ಅಂತ 1972ರ ಕಾನೂನಿನಲ್ಲೇ ಬರೆಯಲಾಗಿತ್ತು.

ಷರತ್ತುಗಳೂ ಇವೆ. ಪಿ.ಎಫ್. ಕಟ್ಟಾಗಿರಬೇಕು. ಗುತ್ತಿಗೆದಾರನ ಕೈಕೆಳಗೆ ದುಡಿದವನೂ ಕಾನೂನಿನ ಪ್ರಕಾರ ಪಿ.ಎಫ್.ಗೆ ಸೇರಿದವನೇ, ಆದರೆ ಹಣ ಕಟ್ಟಿದ್ದಕ್ಕೆ ಗುರುತು ಬೇಕು. ಕೆಲಸ ಬಿಟ್ಟಾಗ ಪಿಂಚಣಿ ಬಾಬಿನ ಹಣವನ್ನೂ ವಾಪಸು ತೆಗೆದುಕೊಂಡಿದ್ದರೆ ಆ ಸೀಸನ್ನುಗಳ ದಾರಿ ಮುಚ್ಚಿದಂತೆ. ಹಾಗಾಗಿರದಿದ್ದರೆ 10-ಡಿ ಅರ್ಜಿ ತುಂಬಿ ಮೈಸೂರಿನ ಪಿ.ಎಫ್. ಕಚೇರಿಯಲ್ಲಿ ಕೇಳಬೇಕು. ದಾಖಲೆಯಲ್ಲಿ ವರ್ಷ ಕಡಿಮೆ ಬಿದ್ದಿದ್ದರೆ 9ನೇ ಪ್ಯಾರಾ ಅಂತ ಬಾಯಿಬಿಟ್ಟು ಹೇಳಬೇಕು.

ಆದ್ದರಿಂದ ಹಿರಿಯರು ಮಾಡಬೇಕಾದ್ದು ಇಷ್ಟು: ಅಟ್ಟದ ಮೇಲಿನ ಟ್ರಂಕು ಇಳಿಸಿ. ಹಾಜರಿ ಕಾರ್ಡು, ಸಂಬಳದ ಚೀಟಿ, ಪಿ.ಎಫ್. ನಂಬರು ಇದ್ದ ಯಾವ ಕಾಗದವನ್ನೂ ರದ್ದಿಗೆ ಹಾಕಬೇಡಿ. ಅಂಗಡಿಯವರೂ ಒಂದು ಉಪಕಾರ ಮಾಡಿ. ನಿಮ್ಮ ಕಟ್ಟೆ ಮೇಲೆ ಕೂತು ಸೀಸನ್ ದಿನಗಳ ಕಥೆ ಹೇಳುವ ಅಜ್ಜ ಒಬ್ಬರಿದ್ದರೆ, ಕಥೆ ಮುಗಿದ ಮೇಲೆ ಕೇಳಿ: ‘ಅಜ್ಜಾರೇ, ಒಟ್ಟು ಎಷ್ಟು ಸೀಸನ್?’ ಹತ್ತು ದಾಟಿತು ಅಂದರೆ ಈ ಪೇಪರು ಅವರ ಕೈಗೆ ಕೊಡಿ.