ಬಿತ್ತುವ ಮುಂಚೆ ನೀರಿನ ಲೆಕ್ಕ

ಸಂತೆಗೆ ಹೊರಡುವಾಗ ಜೇಬು ಮುಟ್ಟಿ ನೋಡಿಕೊಳ್ತೀವಿ. ಬೋರಿನ ನೀರು ನಂಬಿ ಬಿತ್ತುವಾಗ ಮಾತ್ರ ನೆಲದಡಿ ಎಷ್ಟಿದೆ ಅಂತ ನೋಡೋದಿಲ್ಲ. ಮೋಟ್ರು ಗಾಳಿ ಕಕ್ಕಿದಾಗಲೇ ಗೊತ್ತಾಗೋದು. ಅಷ್ಟೊತ್ತಿಗೆ ಬೀಜ, ಗೊಬ್ಬರ, ಕೂಲಿ ಎಲ್ಲ ಮಣ್ಣುಪಾಲು. ಮೇಲೆ ಹೊಸ ಬೋರಿಗೆ ಸಾಲ.

ಈ ಲೆಕ್ಕಕ್ಕೆ ಕಂಪ್ಯೂಟರ್ ಸಾಫ್ಟ್‌ವೇರ್‌ಗಳಿವೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು 1984ರಲ್ಲಿ ಹೊರತಂದ ‘ಮಾಡ್‌ಫ್ಲೋ’ ಅಂಥದ್ದೊಂದು. ಅದು ಊರಿನ ನೆಲವನ್ನು ಚೌಕಾಬಾರದ ಮನೆಗಳ ಹಾಗೆ ವಿಂಗಡಿಸಿ, ಒಂದೊಂದು ಮನೆಗೂ ಬಂದ ನೀರೆಷ್ಟು, ಹೋದದ್ದೆಷ್ಟು ಅಂತ ಲೆಕ್ಕ ಹಾಕುತ್ತದೆ. ಇನ್ನೂ ಹತ್ತು ಬೋರು ಕೊರೆದರೆ, ಮಳೆ ಅರ್ಧಕ್ಕಿಳಿದರೆ ಏನಾದೀತು ಅಂತಲೂ ಕೇಳಬಹುದು.

ಆದರೆ ಅದು ಬರೀ ಲೆಕ್ಕದ ಗುಮಾಸ್ತ. ಹಿಂದಿನ ವರ್ಷಗಳ ಬಾವಿ ಆಳಕ್ಕೆ ಅದರ ಉತ್ತರ ತಾಳೆಯಾದರೆ ಮಾತ್ರ ಮುಂದಿನದನ್ನು ನಂಬಬಹುದು. ಆ ಆಳ ಬರೆದಿಟ್ಟವರಿಲ್ಲದಿದ್ದರೆ ಅದೂ ಕುರುಡೇ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಓಡುವುದು ಬಿರುಕುಗಳಲ್ಲಿ. ಒಂದು ಬೋರಲ್ಲಿ ನೀರಿದ್ದರೆ ಪಕ್ಕದ್ದು ಒಣ. ಹಾಗಾಗಿ ಇಲ್ಲಿ ಅಳತೆ ಇನ್ನೂ ಮುಖ್ಯ.

ಕಾಗದದ ಮೇಲೇ ಹಾಕಿ ನೋಡಿ

ಒಂದು ಎಕರೆಗೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್. ವರ್ಷಕ್ಕೆ 500 ಮಿ.ಮೀ. ಬಿದ್ದರೆ 20 ಲಕ್ಷ ಲೀಟರ್. ಇದರಲ್ಲಿ ಹೆಚ್ಚಿನದು ಆವಿಯಾಗಿ, ಪೈರಿಗೆ, ಹಳ್ಳಕ್ಕೆ ಹೋಗುತ್ತದೆ. ನೂರಕ್ಕೆ ಹತ್ತು ಪಾಲು ಆಳಕ್ಕಿಳಿದರೆ 2 ಲಕ್ಷ. ಬೇಸಿಗೆ ಭತ್ತಕ್ಕೆ 1,200 ಮಿ.ಮೀ. ಅಂತಿಟ್ಟುಕೊಂಡರೂ ಎಕರೆಗೆ 48 ಲಕ್ಷ ಬೇಕು. ಅಂದರೆ ಒಂದು ಎಕರೆ ಭತ್ತ, 24 ಎಕರೆಯಲ್ಲಿ ವರ್ಷವಿಡೀ ಇಂಗಿದ ನೀರನ್ನು ಕುಡಿಯುತ್ತದೆ. ಉಳಿದ 23 ಎಕರೆ ಯಾರದು? ನೆರೆಯವರದು.

ಮಾಡಿ ತೋರಿಸಿದವರು

ನಮ್ಮ ಗಡಿಯಾಚೆಯ ಅನಂತಪುರವೂ ಸೇರಿ ಆಗಿನ ಆಂಧ್ರದ 7 ಜಿಲ್ಲೆಗಳಲ್ಲಿ, 2000ದ ದಶಕದಲ್ಲಿ ರೈತರೇ ಮಳೆ, ಬಾವಿ ಆಳ ಅಳೆದು, ಹಿಂಗಾರಿನ ಮುಂಚೆ ಊರಿನವರೆಲ್ಲ ಕೂತು ಲೆಕ್ಕ ಹಾಕಿದರು. ಇದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿತ್ತು. ಇಂಥದೇ ಬೆಳೆ ಹಾಕಿ ಅಂತ ಬಲವಂತ ಇರಲಿಲ್ಲ. ಲೆಕ್ಕ ನೋಡಿದ ಮೇಲೆ ಹಲವರು ಭತ್ತ ಕಡಿಮೆ ಮಾಡಿದರು. ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಗ್ರಾಮಸಭೆಯೇ ನೀರಿನ ಲೆಕ್ಕ ನೋಡಿ ಬೆಳೆ ತೀರ್ಮಾನಿಸುತ್ತದೆ. ಅಲ್ಲಿ ಕುಡಿಯುವ ನೀರಿಗೆ ಮೊದಲ ಪಾಲು.

ನಾವೇನು ಮಾಡಬಹುದು?

* ಬಾಯಿ, ತಳ ಒಂದೇ ಅಗಲ ಇರುವ ಡಬ್ಬಿಯನ್ನು ಬಯಲಲ್ಲಿಡಿ. ಪ್ರತಿ ದಿನ ಬೆಳಿಗ್ಗೆ ಸ್ಕೇಲಿನಲ್ಲಿ ಅಳೆದು ಬರೆಯಿರಿ.

* ತಿಂಗಳ ಮೊದಲ ದಿನ, ಮೋಟ್ರು ಹಾಕುವ ಮುಂಚೆ, ತೆರೆದ ಬಾವಿಗೋ ಬಿಟ್ಟುಹೋದ ಬೋರಿಗೋ ಭಾರ ಕಟ್ಟಿದ ಹಗ್ಗ ಇಳಿಸಿ ನೀರಿನ ಮಟ್ಟ ನೋಡಿ.

* 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. 100 ಸೆಕೆಂಡಾದರೆ ಗಂಟೆಗೆ 7,200 ಲೀಟರ್.

ಎರಡು-ಮೂರು ವರ್ಷದ ಇಂಥ ನೋಟ್‌ಬುಕ್ಕು ಇದ್ದರೆ, ಕಂಪ್ಯೂಟರ್ ಬಲ್ಲ ಹುಡುಗರ ಮುಂದಿಟ್ಟು ಧೈರ್ಯವಾಗಿ ಪ್ರಶ್ನೆ ಕೇಳಬಹುದು. ಉತ್ತರ ಬಂದ ಮೇಲೆ ಯಾರು ಎಷ್ಟು ಬಿಡಬೇಕು ಅನ್ನೋದನ್ನು ಮಾತ್ರ ನಾವೇ ಅರಳಿಕಟ್ಟೆಯ ಮೇಲೆ ಕೂತು ತೀರ್ಮಾನಿಸಬೇಕು.