ಗದೆಯ ನಾಡಿನ ಗರಡಿ

ಮುಧೋಳವೆಂದೊಡನೆ ಸಾಹಿತ್ಯಪ್ರಿಯರಿಗೆ ಕವಿಚಕ್ರವರ್ತಿ ರನ್ನ ನೆನಪಾಗುತ್ತಾನೆ. ಅವನೊಡನೆ ಭೀಮ-ದುರ್ಯೋಧನರ ಗದಾಯುದ್ಧವೂ. 10ನೆಯ ಶತಮಾನದ ಆ ಕವಿಯ ಸೀಮೆಯಲ್ಲಿ ಗದೆ ಕೇವಲ ಕಾವ್ಯದ ವಸ್ತುವಲ್ಲ. ಗರಡಿಮನೆಯಲ್ಲಿ ಅದು ಮೈಯನ್ನು ಹುರಿಗೊಳಿಸುವ ಸಾಧನ. ಕುಸ್ತಿಯ ಕಣದಲ್ಲಿ ಗೆದ್ದ ಪೈಲವಾನನ ಹೆಗಲೇರುವ ಬೆಳ್ಳಿಯ ಬಹುಮಾನ.

ಮಲ್ಲವಿದ್ಯೆ ಕನ್ನಡನಾಡಿಗೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ವಿವರಿಸಿದ್ದಾನೆ. ಮುಧೋಳದ ಘೋರ್ಪಡೆ, ಜಮಖಂಡಿಯ ಪಟವರ್ಧನ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡವು. ಕುಸ್ತಿ ಮಾತ್ರ ಜಾತ್ರೆಯ ಕೆಮ್ಮಣ್ಣಿನಲ್ಲಿ ಉಳಿಯಿತು.

ಕಾವ್ಯಕ್ಕೂ ಕಣಕ್ಕೂ ಒಂದು ಅಂತರವುಂಟು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮ ಅದನ್ನು ಮೀರಿ ತೊಡೆ ಮುರಿದು ಗೆದ್ದ. ರನ್ನನ ಕಥಾನಾಯಕ ಅವನೇ. ಆದರೂ ಓದುಗನ ಮನಸ್ಸು ಬಿದ್ದ ದುರ್ಯೋಧನನಿಗಾಗಿ ಮರುಗುತ್ತದೆ. ಕುಸ್ತಿಯಲ್ಲಿ ಹಾಗಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆದೊಡನೆ ಹಗೆ ಮುಗಿಯಿತು. ಕೆಡವಿದ ಕೈಯೇ ಎತ್ತಿ ನಿಲ್ಲಿಸಬೇಕು. ಬಲ ಎಷ್ಟೆಂಬುದನ್ನು ಗರಡಿ ಕಲಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು. ರನ್ನನ ಊರಿನ ಮಣ್ಣು ಈ ಎರಡು ಪಾಠಗಳನ್ನೂ ಬಲ್ಲದು.