ರಾಷ್ಟ್ರಪತಿಗಳನ್ನು ಪದವಿಯಿಂದ ಇಳಿಸಬಹುದೇ?

ನಮ್ಮ ದೇಶದ ಅತ್ಯುನ್ನತ ಪದವಿ ರಾಷ್ಟ್ರಪತಿಗಳದು. ಮೂರು ಸೇನೆಗಳಿಗೂ ಅವರೇ ಮಹಾದಂಡನಾಯಕರು. ಪ್ರಧಾನಮಂತ್ರಿಗಳಿಗೆ ಪ್ರಮಾಣವಚನ ಬೋಧಿಸುವವರೂ ಅವರೇ. ಅಂಥವರೇ ತಪ್ಪಿ ನಡೆದರೆ ಕೇಳುವವರು ಯಾರು? ಪ್ರಧಾನಮಂತ್ರಿಗಳು ತೆಗೆದುಹಾಕಬಹುದೆಂದು ಕೆಲವು ವಿದ್ಯಾರ್ಥಿಗಳು ಬರೆಯುತ್ತಾರೆ, ಸುಪ್ರೀಂ ಕೋರ್ಟು ಎಂದು ಮತ್ತೆ ಕೆಲವರು. ಎರಡೂ ಸರಿಯಲ್ಲ. ಚುನಾವಣೆಯೇ ಕ್ರಮವಾಗಿ ನಡೆಯಲಿಲ್ಲವೆಂಬ ತಕರಾರಿದ್ದರೆ ಸುಪ್ರೀಂ ಕೋರ್ಟು ವಿಚಾರಿಸಬಲ್ಲುದು. ವಿ. ವಿ. ಗಿರಿಯವರ ಚುನಾವಣೆಯ ಬಗ್ಗೆ 1970ರಲ್ಲಿ ಹಾಗೆ ವಿಚಾರಣೆ ನಡೆದು, ರಾಷ್ಟ್ರಪತಿಗಳೇ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ಅರ್ಜಿಗಳು ವಜಾ ಆದವು. ಆದರೆ ಅಧಿಕಾರದಲ್ಲಿದ್ದು ಮಾಡಿದ ತಪ್ಪಿಗಾಗಿ ಇಳಿಸುವ ಹಕ್ಕು ಸಂಸತ್ತಿಗೆ ಮಾತ್ರ ಉಂಟು. ಇದಕ್ಕೆ ಮಹಾಭಿಯೋಗ ಎಂದು ಹೆಸರು.

ಸಂವಿಧಾನದ 61ನೆಯ ವಿಧಿಯಲ್ಲಿ ಇದರ ಕ್ರಮ ಹೇಳಿದೆ. ಆರೋಪ ಒಂದೇ ಆಗಿರಬೇಕು: ಸಂವಿಧಾನದ ಉಲ್ಲಂಘನೆ. ಲೋಕಸಭೆಯಾಗಲಿ ರಾಜ್ಯಸಭೆಯಾಗಲಿ ಇದನ್ನು ಆರಂಭಿಸಬಹುದು. ಆ ಸದನದ ಒಟ್ಟು ಸದಸ್ಯರಲ್ಲಿ ಕಾಲುಭಾಗದವರು ಸಹಿ ಮಾಡಿ, ಹದಿನಾಲ್ಕು ದಿನ ಮುಂಚಿತವಾಗಿ ನೋಟೀಸು ಕೊಡಬೇಕು. ಮೂರರಲ್ಲಿ ಎರಡು ಭಾಗ ಸದಸ್ಯರು ಒಪ್ಪಿದರೆ ಆರೋಪ ಹೊರಿಸಿದಂತಾಯಿತು. ಆಮೇಲೆ ಇನ್ನೊಂದು ಸದನ ಅದನ್ನು ತನಿಖೆ ಮಾಡುತ್ತದೆ. ರಾಷ್ಟ್ರಪತಿಗಳು ಸ್ವತಃ ಬಂದು ಅಥವಾ ವಕೀಲರ ಮೂಲಕ ತಮ್ಮ ಮಾತು ಹೇಳಬಹುದು. ಅಲ್ಲಿಯೂ ಮೂರರಲ್ಲಿ ಎರಡು ಭಾಗ ಒಪ್ಪಿದ ದಿನವೇ ಪದವಿ ಹೋಯಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಲೋಕಸಭೆಯ ಸ್ಥಾನಗಳು 543, ರಾಜ್ಯಸಭೆಯವು 245. ನೋಟೀಸಿಗೆ ಲೋಕಸಭೆಯಲ್ಲಿ 136 ಸಹಿ ಬೇಕು, ರಾಜ್ಯಸಭೆಯಲ್ಲಿ 62. ಗೊತ್ತುವಳಿ ಗೆಲ್ಲಲು ಲೋಕಸಭೆಯಲ್ಲಿ 362, ರಾಜ್ಯಸಭೆಯಲ್ಲಿ 164 ಮತ ಬೇಕು. ಇದು ಹಾಜರಿದ್ದವರ ಲೆಕ್ಕವಲ್ಲ, ಒಟ್ಟು ಸದಸ್ಯರ ಲೆಕ್ಕ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಕುಳಿತ ಸದಸ್ಯನೂ ಬೇಡವೆಂದವನ ಸಾಲಿಗೇ ಸೇರಿದಂತೆ.

ಸುಮ್ಮನಿರುವುದಕ್ಕೆ ಎಷ್ಟು ಬಲವಿದೆಯೆಂಬುದು 1993ರಲ್ಲಿ ದೇಶಕ್ಕೆ ತಿಳಿಯಿತು. ಆಗ ನಡೆದದ್ದು ರಾಷ್ಟ್ರಪತಿಗಳ ವಿಷಯವಲ್ಲ, ಸುಪ್ರೀಂ ಕೋರ್ಟಿನ ನ್ಯಾಯಾಧೀಶ ವಿ. ರಾಮಸ್ವಾಮಿಯವರದು. ನ್ಯಾಯಾಧೀಶರನ್ನು ತೆಗೆಯುವ ನಿಯಮ ತುಸು ಸಡಿಲ: ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಭಾಗ, ಜೊತೆಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು. ಮೇ 11ರಂದು ಲೋಕಸಭೆಯಲ್ಲಿ ಬೇಕೆಂದವರು 196 ಮಂದಿ. ಬೇಡವೆಂದವರು ಒಬ್ಬರೂ ಇಲ್ಲ! ಆದರೂ ಗೊತ್ತುವಳಿ ಬಿದ್ದುಹೋಯಿತು. ಏಕೆಂದರೆ 205 ಮಂದಿ ಸದನದಲ್ಲಿ ಕುಳಿತೂ ಮತ ಹಾಕಲಿಲ್ಲ.

ಇನ್ನೊಂದು ವಿಚಿತ್ರವೂ ಇದೆ. ರಾಷ್ಟ್ರಪತಿಗಳ ಚುನಾವಣೆಯಲ್ಲಿ ನಮ್ಮ ನಾರಾಯಣಖೇಡದ ಶಾಸಕರಿಗೂ ಮತವುಂಟು, ಜಹೀರಾಬಾದಿನ ಸಂಸದರಿಗೂ ಉಂಟು. ಇಳಿಸುವಾಗ ಸಂಸದರಿಗೆ ಮಾತ್ರ. ತೆಲಂಗಾಣದ 119 ಶಾಸಕರೂ ಕರ್ನಾಟಕದ 224 ಶಾಸಕರೂ ಸುಮ್ಮನೆ ನೋಡುತ್ತಿರಬೇಕು. ಅದೇ ರಾಜ್ಯಸಭೆಯ ನಾಮಕರಣ ಸದಸ್ಯರಿಗೆ ಆರಿಸುವಾಗ ಮತವಿಲ್ಲ, ಇಳಿಸುವಾಗ ಇದೆ. ಇದು ಸರಿಯೆಂದು ನನಗಂತೂ ತೋರುವುದಿಲ್ಲ.

ಅಮೆರಿಕದಲ್ಲಿ ಕೆಳಮನೆ ಸಾಮಾನ್ಯ ಬಹುಮತದಿಂದಲೇ ಆರೋಪ ಹೊರಿಸಬಹುದು; ಮೂರರಲ್ಲಿ ಎರಡು ಭಾಗ ಬೇಕಾಗುವುದು ಸೆನೆಟ್ಟಿನಲ್ಲಿ. 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಒಂದೇ ಒಂದು ಮತದಿಂದ ಉಳಿದುಕೊಂಡರು. ನಿಕ್ಸನ್ ಅವರು ಮತದಾನಕ್ಕೆ ಮುಂಚೆಯೇ 1974ರಲ್ಲಿ ರಾಜೀನಾಮೆ ಕೊಟ್ಟರು. ನಮ್ಮಲ್ಲಿ 1950ರಿಂದ ಈವರೆಗೆ ಒಬ್ಬ ರಾಷ್ಟ್ರಪತಿಗಳ ಮೇಲೂ 61ನೆಯ ವಿಧಿ ಪ್ರಯೋಗವಾಗಿಲ್ಲ.

ಹಾಗೆಂದು ಅಂಥ ಪ್ರಶ್ನೆಯೇ ಏಳುವ ಸಂದರ್ಭ ಬರಲಿಲ್ಲವೆಂದಲ್ಲ. ಅಂಥದೊಂದು ಗಳಿಗೆಯಲ್ಲಿ ಆ ಪೀಠದ ಮೇಲಿದ್ದವರು ಕನ್ನಡಿಗರು, ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಅವರು ಉಪರಾಷ್ಟ್ರಪತಿಗಳಾಗಿದ್ದಾಗ 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು; ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚಿನಲ್ಲಿ ಜನತಾ ಪಕ್ಷ ಗೆದ್ದಿತು. ಹೊಸ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ನಿರ್ಧರಿಸಿತು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅವುಗಳ ದಾವೆ ವಜಾ ಆಯಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಮರುದಿನ, 30ರಂದು, ಸಹಿ ಬಿತ್ತು.

ಸಹಿ ಹಾಕದೇ ಇದ್ದಿದ್ದರೆ? 1976ರ 42ನೆಯ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಗಳಿಗೆ ಕಡ್ಡಾಯ. ಆದ್ದರಿಂದ ಅದು ಸಂವಿಧಾನದ ಉಲ್ಲಂಘನೆಯೆಂದೇ ಸರ್ಕಾರ ವಾದಿಸಬಹುದಿತ್ತು. ಆದರೆ ಅಂದಿನ ರಾಜ್ಯಸಭೆಯಲ್ಲಿ ಬಹುಮತ ಇದ್ದದ್ದು ಕಾಂಗ್ರೆಸ್ಸಿಗೆ. ಮೂರರಲ್ಲಿ ಎರಡು ಭಾಗವನ್ನು ಜನತಾ ಸರ್ಕಾರ ತರುವುದು ಎಲ್ಲಿಂದ? ಸರ್ಕಾರದ ಕೈಯಲ್ಲಿ ವಾದವಿತ್ತು, ಮತವಿರಲಿಲ್ಲ.

1978ರ 44ನೆಯ ತಿದ್ದುಪಡಿ ಒಂದು ದಾರಿ ತೋರಿತು. ಸಲಹೆ ಒಪ್ಪಿಗೆಯಾಗದಿದ್ದರೆ ರಾಷ್ಟ್ರಪತಿಗಳು ಅದನ್ನು ಮರುಪರಿಶೀಲನೆಗೆ ಒಂದು ಬಾರಿ ಹಿಂದಕ್ಕೆ ಕಳಿಸಬಹುದು. ಮರಳಿ ಬಂದರೆ ಅದರಂತೆ ನಡೆಯಲೇಬೇಕು. ಸಂಸತ್ತು ಒಪ್ಪಿದ ಮಸೂದೆಗಳಿಗೆ ಬೇರೆ ವಿಧಿಯಿದೆ, ಆದರೆ ಎಷ್ಟು ದಿನದೊಳಗೆ ಅಂಕಿತ ಹಾಕಬೇಕೆಂದು ಅದರಲ್ಲಿ ಹೇಳಿಲ್ಲ. ಜನರ ಕಾಗದಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಅಂಚೆ ತಿದ್ದುಪಡಿ ಮಸೂದೆ 1986ರಲ್ಲಿ ಗ್ಯಾನಿ ಜೈಲ್ ಸಿಂಗರ ಮುಂದೆ ಬಂದಾಗ ಅವರು ಒಪ್ಪಲೂ ಇಲ್ಲ, ಹಿಂದಕ್ಕೆ ಕಳಿಸಲೂ ಇಲ್ಲ. ಗಡುವೇ ಇಲ್ಲದಿರುವಾಗ ಅದನ್ನು ಉಲ್ಲಂಘನೆ ಎನ್ನುವುದು ಹೇಗೆ? 1987ರ ಜುಲೈಯಲ್ಲಿ ಅವರು ಅವಧಿ ಮುಗಿಸಿ ಹೊರಟಾಗಲೂ ಮಸೂದೆಗೆ ಸಹಿ ಬಿದ್ದಿರಲಿಲ್ಲ.